ಮುಖಕ್ಕೆ ಮೆತ್ತಿದ ಮಣ್ಣು

ವೀಕೆಂಡ್ ಪೇಂಟಿಂಗ್ ಕ್ಲಾಸುಗಳಲ್ಲಿ ಈಗ ಟೆಕ್ಸ್ಚರ್ ಅಂದ್ರೆ ಭಾರಿ ಮೋಹ. ಅಕ್ರಿಲಿಕ್ ಬಣ್ಣಕ್ಕೆ ಮರಳು, ಮರದ ಪುಡಿ, ಗೋಡೆಗೆ ಹಚ್ಚುವ ಪುಟ್ಟಿ ಕಲಸಿ, ಪ್ಯಾಲೆಟ್ ನೈಫಿನಿಂದ ಮೆತ್ತಿ, ತಮ್ಮ ಮುಖವನ್ನೇ ಬರೆದುಕೊಳ್ಳುತ್ತಾರೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಬಂದವರಾದರೆ ಬೈಲಹೊಂಗಲದ ಎರಿ ಮಣ್ಣನ್ನೇ ತಂದು ಮೆತ್ತುವ ಆಸೆ. ಆಸೆ ತಪ್ಪಲ್ಲ. ಆದರೆ ಇಂಥ ಬಹಳಷ್ಟು ಚಿತ್ರಗಳಲ್ಲಿ ಹಣೆ, ಗಲ್ಲ, ಹಿಂದಿನ ಗೋಡೆ ಎಲ್ಲವೂ ಒಂದೇ ದಪ್ಪ. ಮಣ್ಣು ಕಾಣತೈತಿ, ಮನುಷ್ಯ ಕಾಣೂದಿಲ್ಲ.

ನನ್ನ ಕಸುಬಿನಿಂದಲೇ ಒಂದು ಹೋಲಿಕೆ ಕೊಡ್ತೀನಿ. ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ಬಂಪ್ ಮ್ಯಾಪಿಂಗ್ ಅಂತ ಒಂದು ಉಪಾಯವಿದೆ. 1978ರಲ್ಲಿ ಜೇಮ್ಸ್ ಬ್ಲಿನ್ ತೋರಿಸಿಕೊಟ್ಟದ್ದು. ನುಣುಪಾದ ಚೆಂಡಿನ ಮೇಲೆ ಬೆಳಕಿನ ಲೆಕ್ಕವನ್ನಷ್ಟೇ ಬದಲಿಸಿದರೆ ಅದು ಕಿತ್ತಳೆ ಸಿಪ್ಪೆಯಂತೆ ಕಾಣುತ್ತದೆ. ಆದರೆ ಅಂಚು ನೋಡಿ, ಅದೇ ಹಳೇ ನುಣುಪು. ಮೊಬೈಲ್ ಫೋಟೋದಿಂದ ಇಳಿಸಿಕೊಂಡ ಮುಖದ ಮೇಲೆ ಮರಳು ಮೆತ್ತೋದೂ ಹೆಚ್ಚು ಕಡಿಮೆ ಇದೇ ಕೆಲಸ.

ರೆಂಬ್ರಾಂಟ್ ಹೇಗೆ ಮಾಡಿದ ನೋಡಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಸುಮಾರು 1628ರ ಚಿತ್ರವೊಂದಿದೆ, ಆಗವನು ಇಪ್ಪತ್ತೆರಡರ ಆಸುಪಾಸಿನ ಹುಡುಗ. ಗುಂಗುರು ಕೂದಲಿಗೆ ಬಣ್ಣ ಸೇರಿಸುವ ಬದಲು, ಹಸಿ ಬಣ್ಣವನ್ನು ಕುಂಚದ ಹಿಂದಿನ ತುದಿಯಿಂದ ಕೆರೆದ. ಲಂಡನ್ನಿನ ಕೆನ್‌ವುಡ್ ಹೌಸಿನಲ್ಲಿರುವುದು ಸುಮಾರು 1665ರದ್ದು, ಮುದುಕನ ಮುಖ. ಅಲ್ಲಿ ಮುಖದ ಮೇಲೆ ಬಣ್ಣ ದಟ್ಟವಾಗಿ ಕೂತಿದೆ. ಪ್ಯಾಲೆಟ್ ಹಿಡಿದ ಕೈಗೆ ಬಂದರೆ ಬರೀ ಒರಟು ಗೀಟುಗಳು. ಎಲ್ಲಿ ಹೆಚ್ಚು ಹೊತ್ತು ನೋಡಿದ, ಎಲ್ಲಿ ಬಿಟ್ಟ ಅಂತ ಬಣ್ಣವೇ ಹೇಳುತ್ತದೆ.

ವ್ಯಾನ್ ಗೋ, ಮಾಡೆಲ್‌ಗಳಿಗೆ ಕೊಡಲು ದುಡ್ಡಿಲ್ಲದೆ ಕನ್ನಡಿ ಮುಂದೆ ಕೂತವನು. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ 1889ರ ಚಿತ್ರದಲ್ಲಿ ಹಿನ್ನೆಲೆ, ಕೋಟು ಎರಡೂ ಒಂದೇ ಸುಳಿಯಲ್ಲಿ ಸುತ್ತುತ್ತವೆ. ಮುಖ ಮಾತ್ರ ಬಿಗಿಹಿಡಿದು ನಿಂತಿದೆ. ಆ ಬಿಗಿಯನ್ನು ನಾವು ಓದುವುದು ಕುಂಚದ ದಿಕ್ಕಿನಿಂದ.

ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಚ್ಚಿಕೊಂಡವರ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಜಾನೆ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಹಣೆಯ ನಿರಿಗೆಯಲ್ಲಿ ಗಟ್ಟಿಯಾಗಿ, ಗಲ್ಲದ ಮೇಲೆ ಬೆವರಿಗೆ ಕರಗಿ ಇಳಿದಿರುತ್ತದೆ. ಪುಡಿ ಎಲ್ಲರದೂ ಒಂದೇ. ಎಲ್ಲಿ ನಿಂತಿತು, ಎಲ್ಲಿ ಜಾರಿತು ಅನ್ನೋದು ಆಯಾ ಮುಖದ್ದು. ಊರಾಗ ಮಣ್ಣಿನ ಗೋಡೆಗೆ ಹೊಟ್ಟು ಕಲಸೋದಕ್ಕೂ ಹೀಗೇ ಒಂದು ಕಾರಣ ಇರತೈತಿ: ಗೋಡೆ ಬಿರುಕು ಬಿಡಬಾರದು.

ನಮ್ಮಂಥವರ ಚಿತ್ರಗಳಲ್ಲಿ ಆ ಕಾರಣ ಕಾಣೆಯಾಗಿದೆ. ಮಣ್ಣು ಅಲ್ಲಿ ಐಡಿ ಕಾರ್ಡ್ ಆಗಿದೆ, ನಾನು ಹಳ್ಳಿಯವ ಅಂತ ತೋರಿಸಲಿಕ್ಕೆ. ಹತ್ತು ವರ್ಷ ಏಸಿಯಲ್ಲಿ, ಮಾನಿಟರ್ ಬೆಳಕಿನಲ್ಲಿ ಕೂತ ಮುಖಕ್ಕೆ ಪೂರ್ತಿ ಎರಿ ಮಣ್ಣು ಮೆತ್ತಿದರೆ ಆ ಹತ್ತು ವರ್ಷ ಎಲ್ಲಿ ಹೋದವು? ಆ ಮುಖದಾಗ ನುಣುಪಾದ ಜಾಗಾನೂ ಅದಾವ. ಅವನ್ನ ಮುಚ್ಚಿದ ಚಿತ್ರ ಎಷ್ಟೇ ಒರಟಾಗಿದ್ದರೂ ಫಿಲ್ಟರ್ ಹಾಕಿದ ಸೆಲ್ಫಿನೇ.

ಊರಿಂದ ಮಣ್ಣು ತರೋದಿದ್ರ ತರ್ರಿ. ಮೊದಲು ಕನ್ನಡಿ ಮುಂದ ಕೂತು, ಅದನ್ನ ಎಲ್ಲಿ ಹಚ್ಚಬಾರದು ಅಂತ ನೋಡ್ಕೊಳ್ರಿ.