ನಡುವೆ ಇಳಿಯಲಾಗದ ಗಾಡಿ

ಹಂಪಿಯ ವಿಜಯವಿಠ್ಠಲ ಗುಡಿಗೆ ಹೋಗುವ ಬ್ಯಾಟರಿ ಗಾಡಿಯಲ್ಲಿ ಅವ್ವ ಅರ್ಧ ಎದ್ದು ನಿಂತದ್ದು ಪುಷ್ಕರಣಿ ಕಂಡಾಗ. ‘ತಂಗೀ, ಇಲ್ಲೇ ಒಂಚೂರು ನಿಂದರಸವ್ವಾ, ನೋಡಿ ಬರ್ತೀನಿ’ ಎಂದಳು. ಗಾಡಿ ನಡೆಸುತ್ತಿದ್ದ ಹುಡುಗಿ ಕನ್ನಡಿಯಲ್ಲೇ ನಕ್ಕು, ‘ನಡುವ ನಿಲ್ಸಂಗಿಲ್ರಿ ಅಮ್ಮಾ, ಬರುವಾಗ ನಡಕೊಂತ ಬಂದು ನೋಡ್ರಿ’ ಎಂದಳು. ಮಂಡಿನೋವಿನಿಂದಾಗಿಯೇ ಗಾಡಿ ಹತ್ತಿದವಳಿಗೆ ನಡೆದು ಬಂದು ನೋಡು ಎಂದರೆ ಹೇಗೆ? ಅವ್ವ ಕೂತಳು. ಪುಷ್ಕರಣಿ ಹಿಂದೆ ಸರಿಯಿತು. ಐದಾರು ನಿಮಿಷದ ಆ ಸವಾರಿಯ ಗುಣವೂ ದೋಷವೂ ಆ ಒಂದು ಮಾತಿನಲ್ಲಿದೆ ಎಂದು ನನಗೆ ಆಮೇಲೆ ಅನಿಸಿತು.

ಗುಣವನ್ನು ಮೊದಲು ಹೇಳಿಬಿಡುತ್ತೇನೆ. ಗೆಜ್ಜಲ ಮಂಟಪದ ಬಳಿ ಕಾರು, ಬಸ್ಸುಗಳನ್ನು ತಡೆದು, ಅಲ್ಲಿಂದ ಗುಡಿಯವರೆಗಿನ ಸುಮಾರು ಒಂದು ಕಿಲೋಮೀಟರಿಗೆ ಹೊಗೆಯಿಲ್ಲದ, ಸದ್ದಿಲ್ಲದ ಗಾಡಿ ಇಟ್ಟದ್ದು ಒಳ್ಳೆಯ ನಿರ್ಧಾರ. ಸಾಲು ಸಾಲು ಬಸ್ಸುಗಳ ಹೊಗೆ ಮತ್ತು ಅದುರು ಆ ಕಲ್ಲುಗಳಿಗೆ ಬೇಕಿಲ್ಲ. ಗಾಡಿಗಳನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಪ್ರವಾಸೋದ್ಯಮದ ಬಗ್ಗೆ ಮಾತಾಡುವವರು ಭಾಷಣದಲ್ಲಿ ಹೇಳುವ ಸ್ಥಳೀಯ ಉದ್ಯೋಗ ಇಲ್ಲಿ ಕಣ್ಣಿಗೆ ಕಾಣುತ್ತದೆ. ವಯಸ್ಸಾದವರು, ಕಾಲಿಲ್ಲದವರು, ಕಂಕುಳಲ್ಲಿ ಕೂಸಿರುವವರು ಮೇ ತಿಂಗಳ ಬಿಸಿಲಲ್ಲೂ ಗುಡಿ ಮುಟ್ಟುತ್ತಾರೆ. ಇಷ್ಟಕ್ಕೆ ಯಾರ ತಕರಾರೂ ಇರಲಾರದು.

ನನ್ನ ತಕರಾರು ಗಾಡಿ ಯಾವುದರ ಮೇಲೆ ಓಡುತ್ತದೆ ಎಂಬುದರಲ್ಲಿದೆ. ಅದು ಓಡುವುದು ಗುಡಿಗೆ ಹೋಗುವ ಯಾವುದೋ ದಾರಿಯಲ್ಲಲ್ಲ, ಒಂದು ಪೇಟೆಯಲ್ಲಿ. ಎರಡೂ ಬದಿಗೆ ಕಂಬಸಾಲುಗಳಿರುವ ಆ ಅಗಲವಾದ ಬೀದಿ ವಿಠ್ಠಲಾಪುರದ ರಥಬೀದಿ, ಬಜಾರೂ ಹೌದು. ವಿಜಯನಗರವೆಂದರೆ ಒಂದೇ ಊರಲ್ಲ, ಗುಡಿಗೊಂದರಂತೆ ಬೆಳೆದ ಪುರಗಳ ಗುಂಪು. ವಿರೂಪಾಕ್ಷನ ಸುತ್ತ ಒಂದು, ಅಚ್ಯುತರಾಯನ ಗುಡಿಯ ಎದುರು ಇನ್ನೊಂದು, ವಿಠ್ಠಲನ ಸುತ್ತ ಮತ್ತೊಂದು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೆರಗಾದದ್ದು ಗುಡಿಗಳಿಗಷ್ಟೇ ಅಲ್ಲ, ಇಲ್ಲಿಯ ಬಜಾರುಗಳಿಗೂ. ಗಾಡಿಯಲ್ಲಿ ಕೂತವನಿಗೆ ಮಾತ್ರ ಈ ಬಜಾರು ರಸ್ತೆಯ ಆಚೀಚೆ ಬಿದ್ದ ಕಲ್ಲು. ಮುಂಗಂಬಗಳಲ್ಲಿ ಸವಾರರನ್ನು ಹೊತ್ತು ಕಾಲೆತ್ತಿದ ಕುದುರೆಗಳಿರುವ ಕುದುರೆಗೊಂಬೆ ಮಂಟಪ ಬರುತ್ತದೆ, ಫೋನು ಕಿಸೆಯಿಂದ ತೆಗೆಯುವಷ್ಟರಲ್ಲಿ ಹೋಗಿರುತ್ತದೆ.

ಇಳಿದ ಕೂಡಲೇ ಎಲ್ಲರ ಕಾಲೂ ಒಂದೇ ಕಡೆಗೆ, ಕಲ್ಲಿನ ತೇರಿನತ್ತ. 2017ರಲ್ಲಿ ಬಂದ ಐವತ್ತರ ಹೊಸ ನೋಟಿನ ಬೆನ್ನಿಗೆ ಅದರ ಚಿತ್ರ ಬಂದ ಮೇಲೆ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳುವುದೂ ಒಂದು ಸೇವೆಯಾಗಿದೆ. ಅದು ನಿಜವಾಗಿ ಗರುಡನ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ತೇರಿನ ಮೇಲೆ ಇಟ್ಟಿಗೆಯ ಶಿಖರ ಇನ್ನೂ ಇದೆ, ಈಗ ಇಲ್ಲ. ಅಂದರೆ ನಾವು ನೋಟಿನಲ್ಲಿ ಹೊತ್ತು ತಿರುಗುತ್ತಿರುವುದು ತಲೆಯಿಲ್ಲದ ತೇರನ್ನು. ಈ ಮಾತನ್ನು ಅಲ್ಲಿ ನಿಂತವರಿಗೆ ಹೇಳಹೋದರೆ ಫೋಟೊಕ್ಕೆ ಅಡ್ಡ ಬಂದಂತಾಗುತ್ತದೆ.

ಇದರಲ್ಲೊಂದು ವಿಪರ್ಯಾಸವಿದೆ. ರಥಬೀದಿ ಇರುವುದೇ ನಿಧಾನಕ್ಕಾಗಿ. ಕಲಬುರಗಿಯ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎಳೆಯುವುದನ್ನು ಕಂಡವರಿಗೆ ಗೊತ್ತು, ತೇರು ಹೊರಟಿತು ಅನ್ನುವಷ್ಟರಲ್ಲಿ ನಿಲ್ಲುತ್ತದೆ. ಹಗ್ಗ ಸಡಿಲವಾಗುತ್ತದೆ, ಉತ್ತತ್ತಿ, ಬಾಳೆಹಣ್ಣು ತೂರಿ ಬರುತ್ತವೆ, ಮತ್ತೆ ಜೈಕಾರ, ಮತ್ತೆ ನಾಲ್ಕು ಮಾರು. ನಿಲ್ಲುತ್ತಾ ಹೋಗುವುದಕ್ಕೇ ಅಷ್ಟಗಲ ಬಿಟ್ಟ ಬೀದಿಯಲ್ಲಿ ನಾವು ನಿಲ್ಲದೇ ಹೋಗುವ ಗಾಡಿ ಬಿಟ್ಟಿದ್ದೇವೆ.

ಹಳೆಯ ಪೇಟೆಯನ್ನು ಗಾಡಿಯಲ್ಲಿ ಕೂತು ನೋಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1873ರಲ್ಲಿ ಎರಡು ಕಡೆ ಅಂಥ ಗಾಡಿ ಶುರುವಾಯಿತು: ಕಲ್ಕತ್ತೆಯಲ್ಲಿ ಕುದುರೆ ಎಳೆಯುವ ಟ್ರಾಮು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗುಡ್ಡ ಹತ್ತುವ ಕೇಬಲ್ ಕಾರು. ಕಲ್ಕತ್ತೆಯದು ಅದೇ ವರ್ಷ ನಿಂತುಹೋಗಿ, ಆಮೇಲೆ ಮತ್ತೆ ಬಂದು, 1902ರಲ್ಲಿ ಕರೆಂಟಿನದಾಯಿತು. ಇವತ್ತು ಹೊರಗಿನವರು ಇವನ್ನು ಹತ್ತುವುದು ಹಳೆಯ ಊರು ನೋಡಲು. ಆದರೆ ಇವನ್ನು ಕಟ್ಟಿದ್ದು ನೋಡುವವರಿಗಲ್ಲ, ಕಚೇರಿಗೆ, ಸಂತೆಗೆ, ಬೀಗರ ಮನೆಗೆ ಹೋಗುವವರಿಗೆ. ಹಾಗಾಗಿಯೇ ಓಣಿಗೊಂದು ನಿಲ್ದಾಣ. ಪ್ರವಾಸಿಯು ಊರವರ ಮಗ್ಗುಲಲ್ಲಿ ಕೂತು, ಅವರು ಇಳಿದಲ್ಲಿ ತಾನೂ ಇಳಿದು, ಒಂದು ಚಾ ಕುಡಿದು ಮುಂದಿನ ಟ್ರಾಮು ಹಿಡಿಯಬಹುದು. ಲಿಸ್ಬನ್ನಿನ 28ನೇ ನಂಬರಿನ ಟ್ರಾಮಿನಲ್ಲಂತೂ ಈಗ ಪ್ರವಾಸಿಗಳೇ ತುಂಬಿ ಊರ ಮುದುಕಿಯರಿಗೆ ಸೀಟು ಸಿಗದಾಗಿದೆ. ಅದು ಬೇರೆಯೇ ರೋಗ, ಆದರೆ ಊರಿದ್ದಲ್ಲಿ ಬರುವ ರೋಗ.

ವಿಠ್ಠಲಾಪುರದಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಪೇಟೆಯಲ್ಲಿ ಗಾಡಿ ಯಾರಿಗಾಗಿ ನಿಲ್ಲಬೇಕು? ಅದರ ಎರಡು ತುದಿಗಳಲ್ಲಿ ಒಂದು ಪಾರ್ಕಿಂಗು, ಒಂದು ಟಿಕೆಟ್ ಕಿಂಡಿ. ಇಲ್ಲಿಂದ ಸುಮಾರು ಎರಡು ಕಿಲೋಮೀಟರ್ ದೂರದ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ 2011ರವರೆಗೂ ಜನ ಇದ್ದರು. ಅಂಗಡಿ, ಒಲೆ, ತೊಟ್ಟಿಲು ಎಲ್ಲವೂ ಆ ಕಂಬಗಳ ನಡುವೆಯೇ ಇದ್ದವು. ಆ ವರ್ಷದ ಜುಲೈನಲ್ಲಿ ಅವರನ್ನು ಎಬ್ಬಿಸಲಾಯಿತು. ಸ್ಮಾರಕ ಉಳಿಯಬೇಕೆಂಬ ವಾದದಲ್ಲಿ ಹುರುಳಿಲ್ಲ ಎನ್ನಲಾರೆ, ಕಂಬಕ್ಕೆ ಸಿಮೆಂಟು ಮೆತ್ತಿ ಗೋಡೆ ಎಬ್ಬಿಸಿದ್ದನ್ನು ನಾನೂ ಕಂಡಿದ್ದೇನೆ. ಆದರೂ ಜನರನ್ನು ಖಾಲಿ ಮಾಡಿ ಬಜಾರನ್ನು ಉಳಿಸುವುದು ಮತ್ತು ಬಜಾರಿನಲ್ಲಿ ನಿಲ್ಲದ ಗಾಡಿ ಓಡಿಸುವುದು ಒಂದೇ ತಲೆಯಿಂದ ಹುಟ್ಟಿದ ಎರಡು ಯೋಚನೆಗಳು ಎಂದು ನನಗೆ ಅನಿಸುತ್ತದೆ. ಎರಡಕ್ಕೂ ಗುಡಿಯೇ ಇತಿಹಾಸ, ಪೇಟೆ ಬರೀ ದಾರಿ.

ಗಾಡಿಯನ್ನು ಸರಿಮಾಡುವುದು ದೊಡ್ಡ ಮಾತೇನಲ್ಲ. ಕುದುರೆಗೊಂಬೆ ಮಂಟಪದ ಎದುರು ಒಂದು, ಪುಷ್ಕರಣಿಯ ಎದುರು ಒಂದು, ಎರಡು ಕಲ್ಲುಬೆಂಚು ಹಾಕಿ ಅಲ್ಲಿ ನಿಂತು ಹೋಗಲಿ. ಒಂದೇ ಚೀಟಿಯಲ್ಲಿ ಇಳಿದು ಮುಂದಿನ ಗಾಡಿ ಹತ್ತುವಂತಿರಲಿ. ಗಾಡಿ ಓಡಿಸುವ ಹುಡುಗಿಯರಿಗೆ ಆ ಬೀದಿಯ ಕಥೆ ಹೇಳಲು ಅವಕಾಶವಿರಲಿ, ಅವರು ದಿನಕ್ಕೆ ಎಷ್ಟೋ ಸಲ ಹಾಯುವ ಬೀದಿ ಅದು. ಗಟ್ಟಿ ಕಾಲಿದ್ದವರು ಗಾಡಿಯನ್ನು ಹತ್ತದೇ ಇರುವುದೇ ವಾಸಿ. ವಿರೂಪಾಕ್ಷ ಬಜಾರಿನಿಂದ ಹೊಳೆದಂಡೆ ಹಿಡಿದು ಕೋದಂಡರಾಮ, ಪುರಂದರ ಮಂಟಪ, ರಾಜರ ತುಲಾಭಾರದ ಕಲ್ಲುಕಮಾನು ದಾಟಿ ವಿಠ್ಠಲನಿಗೆ ಬಂದವನಿಗೆ ಒಂದು ಪುರ ಮುಗಿದು ಇನ್ನೊಂದು ಪುರ ಶುರುವಾಗುವುದು ಕಾಲಿಗೇ ತಿಳಿಯುತ್ತದೆ.

ಇಷ್ಟು ಟೀಕೆ ಮಾಡುವ ನಾನು ಕಲಬುರಗಿ ಕಡೆಯ ಕೊಡ್ಲಿಯವನು. ನಮ್ಮ ಕಡೆಯ ರಾಜಧಾನಿ ಮಳಖೇಡ. ಅಮೋಘವರ್ಷ ನೃಪತುಂಗ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಈ ಮಾನ್ಯಖೇಟಕ್ಕೆ ಬ್ಯಾಟರಿ ಗಾಡಿಯೂ ಇಲ್ಲ, ಅಷ್ಟು ಜನರೂ ಬರುವುದಿಲ್ಲ. ಸಿಮೆಂಟ್ ಲಾರಿಗಳು ಮಾತ್ರ ಬರುತ್ತವೆ. ಹಂಪಿಯಿಂದ ಬಂದ ಮುಂದಿನ ತಿಂಗಳು ಅವ್ವನನ್ನು ಸೇಡಂನಿಂದ ಟಂಟಂನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಹನ್ನೊಂದು ಜನ, ಎರಡು ಜೋಳದ ಚೀಲ, ಒಂದು ಕೋಳಿ. ಹೊಗೆಯ ಮಾತು ಕೇಳಲೇಬೇಡಿ. ಕಾಗಿಣಾ ಹೊಳೆಯ ಸೇತುವೆ ಬಂತು. ದಂಡೆಯ ಮೇಲೆ ಪರಸಿ ಕಲ್ಲಿನ ಕೋಟೆಗೋಡೆ ಕಂಡಿತು.

‘ತಮ್ಮಾ, ನಿಂದರಸು’ ಎಂದಳು ಅವ್ವ.

ಟಂಟಂ ನಿಂತಿತು. ಡ್ರೈವರ್ ಬೀಡಿ ಹಚ್ಚಿದ. ಹಿಂದೆ ಕೂತವರು ಯಾಕೆ ನಿಂತಿತೆಂದು ಬೈದರು, ಆಮೇಲೆ ಅವರಲ್ಲೇ ಇಬ್ಬರು ಇಳಿದು ಅವ್ವನ ಪಕ್ಕ ಬಂದು ನಿಂತು, ‘ಏನೈತಿ ಬೇ ಅಲ್ಲಿ?’ ಎಂದು ಹೊಳೆಯಾಚೆ ನೋಡತೊಡಗಿದರು.