ಎಡಗಣ್ಣಿನ ನೀರು

ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೆಸರಾದ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮಯೂರಧ್ವಜನ ಕಥೆ ಬರುತ್ತದೆ. ಬ್ರಾಹ್ಮಣ ವೇಷದಲ್ಲಿ ಬಂದ ಕೃಷ್ಣ ಅರಸನ ಅರ್ಧ ದೇಹವನ್ನು ಬೇಡುತ್ತಾನೆ. ಸೀಳುವ ಹೊತ್ತಿಗೆ ಅರಸನ ಎಡಗಣ್ಣಿನಲ್ಲಿ ನೀರು. ನೋವಿಗಲ್ಲ, ಬಲಭಾಗಕ್ಕೆ ಸಾರ್ಥಕತೆ ಸಿಕ್ಕಿತು, ಎಡಭಾಗ ಯಾರಿಗೂ ಬೇಡವಾಯಿತಲ್ಲ ಎಂಬ ದುಃಖಕ್ಕೆ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯ ಕ್ರೈಸ್ತ ಆರಾಧನೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಆ ಎಡಗಣ್ಣು ನೆನಪಾಗುತ್ತದೆ.

ರೋಮಿನ ಸಭೆಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಕೇಳುವುದು ಹಾಡನ್ನಲ್ಲ, ಹಣವನ್ನಲ್ಲ, ದೇಹವನ್ನು. ಅದೂ ಸಜೀವ ಯಜ್ಞವಾಗಿ. ಕೊಟ್ಟ ಮೇಲೂ ಉಸಿರಾಡುತ್ತ, ಸೋಮವಾರ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದ ಬಲಿ ಅದು.

ಮೈಸೂರು ಸಂಸ್ಥಾನದಲ್ಲಿ ದುಡಿದ ವೆಸ್ಲಿಯನ್ ಮಿಷನರಿಗಳ ಪರಂಪರೆಯಲ್ಲಿ ಈ ಮಾತಿಗೆ ಗಟ್ಟಿಯಾದ ಒಂದು ವಿಧಿಯೇ ಇತ್ತು: ಒಡಂಬಡಿಕೆಯ ಆರಾಧನೆ. ಜಾನ್ ವೆಸ್ಲಿ ಇದನ್ನು 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ. 1947ರಲ್ಲಿ ವೆಸ್ಲಿಯನ್ನರು, ಆಂಗ್ಲಿಕನ್ನರು, ಇತರರು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಇದೂ ಜೊತೆಗೆ ಬಂತು. 1963ರ ಆರಾಧನಾ ಪುಸ್ತಕದಲ್ಲಿ ಸ್ಥಾನ ಪಡೆಯಿತು. ಹೊಸ ವರ್ಷದ ಹೊಸ್ತಿಲಲ್ಲಿ ಭಕ್ತ ತನ್ನನ್ನು ತಾನೇ ದೇವರ ವಶಕ್ಕೆ ಒಪ್ಪಿಸುತ್ತಾನೆ. ಕೆಲಸ ಸಿಕ್ಕರೂ ಕೈಬಿಟ್ಟು ಹೋದರೂ, ಕಣಜ ತುಂಬಿದರೂ ಬರಿದಾದರೂ. ಮಳೆಯನ್ನು ನಂಬಿ ಈರುಳ್ಳಿ ಹಾಕುವ ಬಯಲುಸೀಮೆಯವರಿಗೆ ಈ ಮಾತಿನ ಭಾರವನ್ನು ಯಾರೂ ವಿವರಿಸಬೇಕಿಲ್ಲ.

ಕಥೋಲಿಕರದು ಬೇರೆ ದಾರಿ. ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದೂ 1963ರಲ್ಲೇ. ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಮಾತಿಗೆ ಬಾಗಿಲು ತೆರೆಯಿತು. ಲ್ಯಾಟಿನ್ ಇದ್ದಲ್ಲಿ ಕನ್ನಡ ಬಂತು. ಮರುವರ್ಷ ಅದೇ ಸಭೆ, ಶ್ರೀಸಾಮಾನ್ಯರ ದುಡಿಮೆ, ಸಂಸಾರ, ಸಹಿಸಿದ ಕಷ್ಟಗಳೆಲ್ಲ ಬಲಿಪೂಜೆಯಲ್ಲಿ ಪ್ರಭುವಿನ ದೇಹದ ಜೊತೆ ಅರ್ಪಿತವಾಗುತ್ತವೆ ಎಂದು ಸಾರಿತು. ನನ್ನ ಮಟ್ಟಿಗೆ ಆ ಸಭೆಯ ಅತ್ಯಂತ ಕ್ರಾಂತಿಕಾರಿ ಮಾತು ಇದು. ನಮ್ಮ ಪ್ರಸಂಗಗಳಲ್ಲಿ ಅತ್ಯಂತ ಕಡಿಮೆ ಕೇಳಿಸುವುದೂ ಇದೇ.

ಪರಂಪರೆಯ ಸೋಲು ನನಗೆ ಕಾಣುವುದು ಇಲ್ಲಿಯೇ. ವಿಧಿ ಇಡೀ ಬದುಕನ್ನು ಕೇಳಿತು, ರೂಢಿ ಅದರಲ್ಲಿ ಅರ್ಧವನ್ನಷ್ಟೇ ತೆಗೆದುಕೊಂಡಿತು. ನಮ್ಮ ಆರಾಧನೆಯಲ್ಲಿ 'ಹೃದಯ' ಎಷ್ಟು ಸಲ ಬರುತ್ತದೆ, 'ಕೈ' ಎಷ್ಟು ಸಲ? ಈಚಿನ ಪ್ರಾರ್ಥನಾ ಮಂದಿರಗಳಲ್ಲಿ ಕಣ್ಣೀರು ಹರಿಯುತ್ತದೆ, ಅದು ನಿಜವಾದ ಕಣ್ಣೀರು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಮೇಲೆತ್ತಿದ ಆ ಕೈಗಳು ವಾರವಿಡೀ ಏನು ಮಾಡಿದವು? ಕೊಬ್ಬರಿ ಸುಲಿದವೋ, ಅಡಿಕೆ ಆರಿಸಿದವೋ, ಬೀರೂರಿನ ರೈಲ್ವೆ ನಿಲ್ದಾಣದಲ್ಲಿ ಮೂಟೆ ಹೊತ್ತವೋ? ಈ ಪ್ರಶ್ನೆ ಪ್ರಾರ್ಥನೆಯೊಳಗೆ ಬರುವುದಿಲ್ಲ. ಕಾಯಕವನ್ನೇ ಪೂಜೆಯೆಂದ ಶರಣರ ನಾಡಿನಲ್ಲಿದ್ದೂ ನಾವು ಇಷ್ಟು ತಡಮಾಡಿದ್ದು ನನ್ನನ್ನು ಬಾಧಿಸುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡುವಂತಿಲ್ಲ. ಕನ್ನಡದ ಕಿವಿಗೆ 'ಬಲಿ' ಎಂದರೆ 'ಕೆರೆಗೆ ಹಾರ' ಎಂಬ ಜನಪದ ಹಾಡಿನ ಭಾಗೀರಥಿ. ಕೆರೆಗೆ ನೀರು ಬರಲೆಂದು ಹಿರಿಯರು ತೀರ್ಮಾನಿಸಿದರು, ಸೊಸೆ ಮುಳುಗಿದಳು. ಅರ್ಪಣೆಯ ಬೋಧನೆ ನಮ್ಮಲ್ಲೂ ಹೆಚ್ಚಾಗಿ ಹೆಣ್ಣುಮಕ್ಕಳ ಕಡೆಗೆ, ಕೂಲಿಯವರ ಕಡೆಗೆ ಬೆರಳು ತೋರಿಸುತ್ತದೆ: ಸಹಿಸು, ಬಿಟ್ಟುಕೊಡು, ಕರ್ತನಿಗಾಗಿ. ಪೌಲನ ಮಾತಿನಲ್ಲಿ ಅರ್ಪಿಸುವವನೂ ಅರ್ಪಣೆಯೂ ಒಬ್ಬನೇ. ಇನ್ನೊಬ್ಬರ ಬದುಕನ್ನು ಅರ್ಪಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಸುಗ್ಗಿ ಹಬ್ಬದಲ್ಲಿ ತೆಂಗಿನಕಾಯಿ, ರಾಗಿ, ಕುಂಬಳ ಪೀಠದ ಮುಂದೆ ಬರುತ್ತವೆ, ಆಮೇಲೆ ಹರಾಜಾಗುತ್ತವೆ. ನನಗೆ ತುಂಬ ಪ್ರಿಯವಾದ ಆಚರಣೆ ಇದು. ಅಲ್ಲಿ ರಾಗಿಯ ಜೊತೆಗೆ ಅದನ್ನು ಕೊಯ್ದವಳನ್ನೂ ಹೆಸರಿಟ್ಟು ಕರೆಯಬಹುದು. ಅವಳಿಗೆ ಸಲ್ಲಬೇಕಾದ ಕೂಲಿ ಸಂದಿದೆಯೇ ಎಂದು ಹೊಲದೊಡೆಯನನ್ನು ಪೀಠದ ಮುಂದೆಯೇ ಕೇಳಬಹುದು. ಹರಾಜನ್ನು ಅದಾದ ಮೇಲೆ ಕೂಗಲಿ.