ಮುದ್ರೆ, ಬರಹ, ಮುಖ

ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದನು. ಈ ಕಥೆಯ ಮಾತು ಬಂದಾಗಲೆಲ್ಲ ಚಾಣಕ್ಯನ ಬುದ್ಧಿಯನ್ನು ಕೊಂಡಾಡುವುದು ವಾಡಿಕೆಯಾಗಿದೆ. ಅದಕ್ಕೆ ಕಾರಣವುಂಟು. ಕವಿಯು ನಮ್ಮನ್ನು ಚಾಣಕ್ಯನ ಪಕ್ಕದಲ್ಲಿಯೇ ಕುಳ್ಳಿರಿಸಿ, ತೆರೆಯ ಹಿಂದಿನ ಹೂಟವನ್ನೆಲ್ಲ ತೋರಿಸುವನು. ಮೋಸಹೋಗುವ ಮಲಯಕೇತುವು ಅಲ್ಲಿಂದ ನೋಡುವವರಿಗೆ ಕೇವಲ ದಡ್ಡನಾಗಿ ಕಾಣುವನು. ಆದರೆ ಲೋಕವ್ಯವಹಾರದಲ್ಲಿ ನಮಗೆ ದೊರೆಯುವ ಸ್ಥಾನವು ಮಲಯಕೇತುವಿನದೇ ಹೊರತು ಚಾಣಕ್ಯನದಲ್ಲ.

ಆ ರಾಜಕುಮಾರನು ನಿಜವಾಗಿ ದಡ್ಡನೇ? ನಂದರ ಮಂತ್ರಿಯಾದ ರಾಕ್ಷಸನು ಅವನ ಆಶ್ರಯದಲ್ಲಿರುವನು. ಇವರಿಬ್ಬರನ್ನು ಅಗಲಿಸುವುದು ಚಾಣಕ್ಯನ ಉದ್ದೇಶ. ಅದಕ್ಕಾಗಿ ಒಂದು ಪತ್ರ ಸಿಕ್ಕಿಬೀಳುವುದು. ಅದರ ಬರಹವು ರಾಕ್ಷಸನ ಮಿತ್ರನಾದ ಶಕಟದಾಸನದು, ಮುದ್ರೆಯು ರಾಕ್ಷಸನ ಉಂಗುರದ್ದು. ಮಲಯಕೇತುವು ಶಕಟದಾಸನ ಬೇರೊಂದು ಬರಹವನ್ನು ತರಿಸಿ ಹೋಲಿಸಿ ನೋಡುವನು. ಅಕ್ಷರ ಒಂದೇ ಆಗಿರುವುದು. ಎಚ್ಚರಗೊಂಡವನು ಮಾಡಬೇಕಾದ ಪರೀಕ್ಷೆಯನ್ನು ಅವನು ಮಾಡಿಯೇ ಇರುವನು. ಬರಹವೂ ಮುದ್ರೆಯೂ ದಿಟವಾಗಿದ್ದು ಅರ್ಥವೊಂದೇ ಸುಳ್ಳಾದುದರಿಂದ, ಆ ಪರೀಕ್ಷೆಯೇ ಸುಳ್ಳಿಗೆ ಸಾಕ್ಷಿಯಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದುದು ಭಾಗುರಾಯಣನ ಕೆಲಸ. ಚಾಣಕ್ಯನ ಕಡೆಯವನಾದ ಇವನು ಮಲಯಕೇತುವಿನ ಗೆಳೆಯನಾಗಿ ಸೇರಿಕೊಂಡು, ತಾನಾಗಿ ಹೇಳುವುದು ಸ್ವಲ್ಪ, ಮರೆಯಲ್ಲಿ ನಿಂತು ಕೇಳುವಂತೆ ಮಾಡುವುದು ಬಹಳ. ಎದುರಿಗೆ ಬಂದು ಹೇಳಿದ ಮಾತನ್ನು ಸಂಶಯಿಸುವವನೂ ಕದ್ದು ಕೇಳಿದ ಮಾತನ್ನು ಸಂಶಯಿಸುವುದಿಲ್ಲ. ತಂದೆಯನ್ನು ಕಳೆದುಕೊಂಡ ಮಗನಿಗೆ ತಂದೆಯ ಕೊಲೆಗಾರನ ಹೆಸರು ಹೀಗೆ ಕಿವಿಗೆ ಬಿದ್ದರೆ ವಿಚಾರವೆಲ್ಲಿ ಉಳಿಯುವುದು? ರಾಕ್ಷಸನ ಗತಿಯೂ ಇದೇ. ಅವನನ್ನು ಹಿಡಿದದ್ದು ಆಸೆಯಿಂದಲ್ಲ, ಭಯದಿಂದಲೂ ಅಲ್ಲ. ಸೆರೆಯಲ್ಲಿದ್ದ ಚಂದನದಾಸನ ಮೇಲಿನ ಸ್ನೇಹದಿಂದ. ದುರ್ಗುಣವನ್ನು ಹಿಡಿದೆಳೆಯುವವನಿಗೆ ಬರಿಯ ವಂಚಕನೆಂದು ಹೆಸರು. ಸದ್ಗುಣವನ್ನೇ ಹಿಡಿಕೆಮಾಡಿಕೊಳ್ಳುವವನನ್ನು ಲೋಕವು ನೀತಿಜ್ಞನೆನ್ನುವುದು!

ಇಂದು ಮುದ್ರೆ ಬರಹಗಳ ಸ್ಥಾನಕ್ಕೆ ಮುಖವೂ ಕಂಠವೂ ಬಂದಿವೆ. ತಮ್ಮ ಮುಖವನ್ನೂ ಧ್ವನಿಯನ್ನೂ ಯಂತ್ರದಿಂದ ಕಲ್ಪಿಸಿ, ಹಣ ಹೂಡುವ ಆ್ಯಪುಗಳನ್ನು ತಾವೇ ಹೊಗಳಿದಂತೆ ತೋರಿಸುತ್ತಿರುವರೆಂದು ಇನ್‌ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು 2023ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಶಕಟದಾಸನ ಕೈಯಿಂದ ಒಂದು ಪತ್ರವನ್ನಾದರೂ ಉಪಾಯದಿಂದ ಬರೆಸಬೇಕಾಗಿತ್ತು. ಕೃತಕ ಬುದ್ಧಿಗೆ ಅಷ್ಟೂ ಬೇಡ.

ಭಾಗುರಾಯಣನ ಕೆಲಸವನ್ನೂ ಅದು ಕಲಿತಿದೆ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವಿದ್ವಾಂಸರು ಮೊದಲಾದವರು 2025ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 900 ಜನ ಅಮೆರಿಕನ್ನರು ಮನುಷ್ಯರೊಡನೆಯೋ ಯಂತ್ರದೊಡನೆಯೋ ವಾದಿಸಿದರು. ಎದುರಾಳಿಯ ವಯಸ್ಸು, ವಿದ್ಯೆ, ಪಕ್ಷ ಮುಂತಾದುವನ್ನು ಮೊದಲೇ ತಿಳಿಸಿದಾಗ, ಹೆಚ್ಚು ಕಡಿಮೆ ಕಂಡುಬಂದ ವಾದಗಳಲ್ಲಿ ಶೇಕಡಾ 64ರಷ್ಟರಲ್ಲಿ ಯಂತ್ರವೇ ಮೇಲಾಯಿತು. ತಿಳಿಸದಿದ್ದಾಗ ಮನುಷ್ಯನಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇದೇ ಶಕ್ತಿಯು ಹುಚ್ಚು ನಂಬಿಕೆಗಳನ್ನು ಸಡಿಲಿಸಬಲ್ಲದೆಂದು 2024ರ ಇನ್ನೊಂದು ಸಂಶೋಧನೆಯು ತೋರಿಸಿರುವುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆದರೂ ಒಂದು ಭೇದವಿದೆ. ಒಬ್ಬ ರಾಕ್ಷಸನನ್ನು ಒಲಿಸುವುದಕ್ಕೆ ಚಾಣಕ್ಯನಿಗೆ ಒಂದು ರಾಜ್ಯದ ಗೂಢಚಾರರೆಲ್ಲ ಬೇಕಾಗಿದ್ದರು; ಆದುದರಿಂದ ಸಾಮಾನ್ಯರು ಅಂಥ ಹೂಟದಿಂದ ಪಾರಾಗಿದ್ದರು. ಈಗ ಮನೆಗೊಬ್ಬ ಭಾಗುರಾಯಣನನ್ನು ನೇಮಿಸುವುದು ಅಗ್ಗವಾಗಿದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹತ್ತು ಹನ್ನೊಂದು ತಿಂಗಳು ಕಾಯಿಯನ್ನು ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ ಕಾಯುವ ರೈತನಿಗೆ, ಮಾರಬೇಕೋ ಇನ್ನೂ ಇಡಬೇಕೋ ಎಂಬುದೇ ವರ್ಷದ ಪ್ರಶ್ನೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಬೆಂಬಲ ಬೆಲೆ 12,100 ಆಗಿದ್ದಾಗ ಪೇಟೆಯು ಅದರ ಇಮ್ಮಡಿಯನ್ನು ದಾಟಿತು. ಇಂಥ ಏರಿಳಿತದ ನಡುವೆ ‘ನಾಳೆ ಬೀಳುತ್ತದಂತೆ’ ಎಂಬ ಪಿಸುಮಾತಿಗೆ ಇರುವ ಬೆಲೆ ಕಡಿಮೆಯೇ? ಹಿಂದೆ ಆ ಮಾತನ್ನು ಆಡಿದವನು ಸಂತೆಯಲ್ಲಿ ಮತ್ತೆ ಕಣ್ಣಿಗೆ ಬೀಳುತ್ತಿದ್ದನು, ಒಮ್ಮೆ ಸುಳ್ಳಾಡಿದರೆ ಜನ ನೆನಪಿಟ್ಟುಕೊಳ್ಳುತ್ತಿದ್ದರು. ನಾಳೆ ಅದೇ ಮಾತು ಪರಿಚಿತ ವರ್ತಕನ ಕಂಠದಲ್ಲಿ, ಮಗಳ ಮದುವೆಯ ಸಾಲವಿರುವವನಿಗೆ ಒಂದು ಬಗೆಯಾಗಿ, ಸೊಸೈಟಿಯ ಕಂತು ಕಟ್ಟಬೇಕಾದವನಿಗೆ ಇನ್ನೊಂದು ಬಗೆಯಾಗಿ ಮೊಬೈಲಿಗೆ ಬರಬಹುದು. ಇಬ್ಬರೂ ಜಗಲಿಯಲ್ಲಿ ಕುಳಿತು ತಾವು ಕೇಳಿದ್ದನ್ನು ಹೋಲಿಸಿ ನೋಡಿದರಲ್ಲದೆ ಹೂಟವು ಬಯಲಾಗದು.

ನಾಟಕದ ಕೊನೆಯ ಅಂಕದಲ್ಲಿ ಚಾಣಕ್ಯನು ತಾನೇ ಎದುರಿಗೆ ಬಂದು ನಿಂತು, ಆ ಪತ್ರ, ಆ ಆಭರಣಗಳು, ಆ ಸೇವಕರು ಎಲ್ಲವೂ ತನ್ನ ಹೂಟವೆಂದು ರಾಕ್ಷಸನಿಗೆ ಹೇಳಿಬಿಡುವನು. ಚಾಣಕ್ಯನ ಪರವಾಗಿ ಹೇಳಬಹುದಾದ ಒಳ್ಳೆಯ ಮಾತು ಇದು. ಯಂತ್ರದ ಹಿಂದಿರುವವರು ಹಾಗೆ ಬಂದು ನಿಲ್ಲುವುದಿಲ್ಲ. ಆದರೂ ಆಗ ಅವನು ನೀಡುವ ಖಡ್ಗವನ್ನು ರಾಕ್ಷಸನು ತೆಗೆದುಕೊಳ್ಳುವುದು ಮಿತ್ರನ ಪ್ರಾಣವನ್ನುಳಿಸುವುದಕ್ಕಾಗಿ. ಅದನ್ನು ಹೃದಯಪರಿವರ್ತನೆಯೆಂದು ಬಣ್ಣಿಸುವ ವಿಮರ್ಶಕರು, ಅದೇ ಅಂಕದಲ್ಲಿ ವಧ್ಯಸ್ಥಾನದವರೆಗೆ ನಡೆದುಬಂದ ಚಂದನದಾಸನ ಹೆಂಡತಿಯನ್ನೂ ಮಗನನ್ನೂ ಮರೆತಿರುವರು.